ಬಿಸ್ಕತ್ತಿನ ತಪಾಸಣೆ

ಮೈಲಾರಪ್ಪ ಹುಬ್ಬಳ್ಳಿಯಿಂದ ಬಳ್ಳಾರಿಗೆ ಕಂಟೇನರ್ ಲಾರಿ ಓಡಿಸುತ್ತಿದ್ದ. ಬಿಸ್ಕತ್ತು ಫ್ಯಾಕ್ಟರಿಯವರು ಸರಕು ತುಂಬಿ, ಬಾಗಿಲಿಗೆ ಸೀಲು ಹಾಕಿ ಕೊಡುತ್ತಿದ್ದರು. ಒಳಗಿನ ಸರಕನ್ನು ಅವನು ಕಣ್ಣಿಂದಲೂ ಕಾಣುತ್ತಿರಲಿಲ್ಲ.

ಒಂದು ದಿನ ಬಳ್ಳಾರಿ ಗೋದಾಮಿನ ಹೊಸ ಮ್ಯಾನೇಜರ್ ಪಟ್ಟೇದ ಸಾಹೇಬರು ಸೀಲು ಒಡೆಸಿ, ಅವನ ಮುಂದೆ ಒಂದು ಕಾಗದ ಹಿಡಿದರು. 'ಎಲ್ಲ ಬಿಸ್ಕತ್ತೂ ಮುರಿಯದೆ, ಮೆತ್ತಗಾಗದೆ ಬಂದಿವೆ. ನಾನೇ ಪರೀಕ್ಷಿಸಿದ್ದೇನೆ' ಎಂದು ಅದರಲ್ಲಿತ್ತು.

"ಸಹಿ ಮಾಡು. ಇಲ್ಲಾಂದ್ರ ಲಾರಿ ಗೇಟು ದಾಟೂದಿಲ್ಲ. ನಾಳೆ ಒಂದು ಮುರಿದಿದ್ರೂ ಜವಾಬ್ದಾರಿ ನಿಂದ."

"ನಾ ನೋಡೇ ಇಲ್ಲಲ್ರೀ ಸಾಹೇಬ್ರ?"

"ನೋಡಿ ಮಾಡು! ಯಾರು ಬ್ಯಾಡಂದಾರ?"

ಮೈಲಾರಪ್ಪ ಕಾಗದ ತೆಗೆದುಕೊಂಡು, ಕಂಟೇನರಿನೊಳಗೇ ಹತ್ತಿ ಕಾಲು ಚಾಚಿ ಕೂತ. ಮೊದಲ ಬಾಕ್ಸು ಬಿಚ್ಚಿ, ಒಂದು ಬಿಸ್ಕತ್ತು ಕಡಿದು, ಕಣ್ಣು ಮುಚ್ಚಿ ಅಗಿದ. "ಇದು ಗರಿಗರಿ ಐತ್ರೀ." ಇನ್ನೊಂದು ಪೊಟ್ಟಣ ಹರಿದ. "ಇದಕ್ಕೂ ಅಡ್ಡಿಯಿಲ್ಲ." ಆಮೇಲೆ ಹಿಂದೆ ಸಾಲುಗಟ್ಟಿ ನಿಂತಿದ್ದ ಡ್ರೈವರುಗಳನ್ನು ಕೂಗಿದ: "ಬರ್ರೋ! ಒಂಬೈನೂರು ಬಾಕ್ಸ್ ಅದಾವು, ಒಬ್ಬನ ಹಲ್ಲಿಗೆ ಆಗೂದಲ್ಲ!"

ಏಳು ಜನ ಬಂದರು. ಒಬ್ಬನಂತೂ ಚಹಾದ ಕೆಟಲಿಯನ್ನೇ ಹಿಡಿದುಕೊಂಡು ಬಂದ.

ಪಟ್ಟೇದ ಸಾಹೇಬರು ಓಡಿಬಂದು ಕಾಗದ ಕಸಿದು ಚೂರುಚೂರು ಮಾಡಿದರು. "ಸಾಕೋ ಯಪ್ಪಾ, ನಡಿ ಇಲ್ಲಿಂದ!"

"ಹೆಂಗ ಹೋಗ್ಲಿರೀ?" ಎಂದ ಮೈಲಾರಪ್ಪ, ಮೀಸೆಯ ಮೇಲಿನ ಪುಡಿ ಒರೆಸಿಕೊಳ್ಳುತ್ತ. "ಕ್ರೀಮ್ ಬಿಸ್ಕತ್ತು ಇನ್ನೂ ಸುರೂನ ಮಾಡಿಲ್ಲ."