ಕಿವಿ ಮದ್ದು ಉಸುರಿದ ಮಾತು

ಮಧ್ಯಾಹ್ನದ ಜೊಂಪಿನಲ್ಲಿ ಔಷಧಿ ಸೀಸೆಗಳೂ ಮಾತಾಡ್ತವೆ ಮಕ್ಕಳಾ. ಡಾಕ್ಟರಮ್ಮನ ದವಾಖಾನೆಯ ಗೋಡೆ ಗೂಡಲ್ಲಿ ಕಣ್ಣಿನ ಮದ್ದು, ಕಿವಿ ಮದ್ದು ಅವಳಿಗಳ ಹಾಗೆ ಒತ್ತಿ ನಿಂತಿದ್ದವು. ಕಾಂಪೌಂಡರ್ ಚೌಡಪ್ಪ ಚೀಟಿ ಓದದೆ ಕೈರೂಢಿಯಲ್ಲೇ ತೆಗೆಯೋನು. ಅವತ್ತು ಕಣ್ಣು ನೋವೆಂದು ಬಂದ ಒಂದು ಕೂಸಿನ ಕಣ್ಣಿಗೆ ಕಿವಿ ಮದ್ದನ್ನೇ ಬಗ್ಗಿಸಿದ. ಕೂಸು ಕೊಸರಿತು, ಹನಿ ನೆಲಕ್ಕೆ ಬಿತ್ತು. ತಪ್ಪು ಕಂಡ ಚೌಡಪ್ಪ ಸೀಸೆ ಬದಲಿಸಿ, ಡಾಕ್ಟರಮ್ಮನಿಗೆ ಹೇಳದೆ ಕೂಸನ್ನ ಕಳಿಸಿಬಿಟ್ಟ.

“ಏನೂ ಆಗಲಿಲ್ಲವಲ್ಲ ಅಕ್ಕಾ, ಬಾಯಿ ಮುಚ್ಚಿಕೋ,” ಅಂತು ಕಣ್ಣಿನ ಮದ್ದು. “ಹೇಳಿದರೆ ನಮ್ಮಿಬ್ಬರನ್ನ ಅಗಲಿಸ್ತಾರೆ.”

“ನಾಳೆಯ ಕೂಸು ಕೊಸರದಿದ್ದರೆ ಏನೇ ಗತಿ?” ಅಂತ ಕೇಳಿದ ಕಿವಿ ಮದ್ದು ತೂಕಡಿಸುತ್ತಿದ್ದ ಡಾಕ್ಟರಮ್ಮನಿಗೆ ನಡೆದದ್ದನ್ನೆಲ್ಲ ಉಸುರಿತು.

ಡಾಕ್ಟರಮ್ಮ ಬೆಚ್ಚಿ ಎದ್ದರು. ಯಾರನ್ನೂ ಬೈಯದೆ, ಕಿವಿ ಮದ್ದಿನ ಕೊರಳಿಗೆ ಕೆಂಪು ದಾರ ಕಟ್ಟಿ ಆಚೆ ಗೋಡೆಯ ಗೂಡಲ್ಲಿಟ್ಟರು.

“ಒಂಟಿಯಾದೆಯಲ್ಲೇ ಅಕ್ಕಾ!” ಅಂತ ತಂಗಿ ಅತ್ತಿತು.

“ಆಗಲಿ ಬಿಡೇ. ಇಲ್ಲಿಂದ ಬಾಗಿಲು ಕಾಣುತ್ತೆ. ಬಂದ ಕೂಸುಗಳೆಲ್ಲ ಕಣ್ಣರಳಿಸಿಕೊಂಡು ಮನೆಗೆ ಹೋಗ್ತಿವೆ.”