ಗೊರಸಿನಲ್ಲಿ ಕೂತ ಹನಿ

ಬುಡೇನ್ ಸಾಬರ ಜಟಕಾ ಕುದುರೆ ಕುಂಟುತ್ತಿತ್ತು. ಪಶುವೈದ್ಯೆ ಅದರ ರಕ್ತಕ್ಕೆ ವಿಕಿರಣ ಸೂಸುವ ಮದ್ದಿನ ಹನಿಯೊಂದನ್ನು ಸೇರಿಸಿದರು. ಎಲ್ಲಿ ಉರಿಯೂತವೋ ಅಲ್ಲಿ ನಿಲ್ಲುವುದು ಹನಿಯ ಗುಣ. ಅದು ನಿಂತ ಜಾಗ ಕ್ಯಾಮೆರಾಗೆ ಕಾಣುತ್ತದೆ.

"ನೋವು ಎಲ್ಲಿ, ಕುದುರೆಯಣ್ಣ?" ಎಂದಿತು ಹನಿ.

"ಎಲ್ಲೂ ಇಲ್ಲ. ನಿನ್ನ ದಾರಿ ನೀನು ಹಿಡಿ."

ಹನಿ ಮೈಯೆಲ್ಲ ಅಲೆಯಿತು. ಕುಂಟು ವಾಸಿಯಾಗಲೆಂದು ಸಾಬರು ಬರೆ ಹಾಕಿದ್ದ ಮುಂಗಾಲಿನಲ್ಲಿ ಹಳೆಯ ಕಲೆ ಬಿಟ್ಟರೆ ಏನೂ ಇರಲಿಲ್ಲ. ಕೊನೆಗೆ ಹಿಂಗಾಲಿನ ಗೊರಸಿಗೆ ಬಂದು ಉಸ್ಸೆಂದು ಕೂತಿತು.

"ಅಲ್ಲಿ ಕೂರಬೇಡ ಮಾರಾಯ. ಒಳಗೆ ಕೊಳೆತಿದೆ ಅಂತ ಗೊತ್ತಾದರೆ ನನ್ನನ್ನು ಬೀದಿಗೆ ಬಿಡ್ತಾರೆ. ಅದಕ್ಕೇ ಮುಂಗಾಲಿಗೆ ಬರೆ ಹಾಕಿದಾಗಲೂ ಸುಮ್ಮನಿದ್ದೆ."

"ಸುತ್ತಿ ಸುತ್ತಿ ಸಾಕಾಗಿದೆ ಅಣ್ಣ. ನಾಳೆಗೆ ನನ್ನ ವಿಕಿರಣ ಆರಿ ನಾನಿರೋದಿಲ್ಲ. ನೀನು ಮಾತ್ರ ಇನ್ನೆಷ್ಟು ದಿನ ನೋವಿಲ್ಲದ ಕಾಲಿಗೆ ಬರೆ ತಿಂತೀಯ?"



ಪರದೆಯ ಮೇಲೆ ಗೊರಸು ಹೊಳೆಯಿತು. "ಸಾಬರೇ, ನೀವು ಸುಟ್ಟಿದ್ದು ಮುಂಗಾಲು, ಕೀವು ಇರೋದು ಹಿಂಗಾಲಲ್ಲಿ," ಎಂದರು ವೈದ್ಯೆ. "ತೆಗೆದರೆ ಮತ್ತೆ ನಡೆಯುತ್ತೆ."

ಹನಿ ಅಷ್ಟರಲ್ಲಿ ಮಂಕಾಗತೊಡಗಿತ್ತು. ಸಾಬರು ಬಗ್ಗಿ ಕೈ ಚಾಚುವ ಮುಂಚೆಯೇ ಕುದುರೆ ಆ ಕಾಲನ್ನು ತಾನೇ ಎತ್ತಿ ಕೊಟ್ಟಿತು.