ಗಾಣಿಗನ ಕೊಸರು

“ಗುರುಗಳೇ, ಗಂಡನನ್ನು ಕಳೆದುಕೊಂಡವಳನ್ನು ಕನ್ನಡದಲ್ಲಿ ಏನೆಂದು ಕರೆಯಬೇಕು?” ಎಂದು ಹಾಲಪ್ಪ ಕೇಳಿದ.

ಕನ್ನಡ ಕಲಿಯಲು ಮಠಕ್ಕೆ ಬಂದಿದ್ದ ಸ್ಪೇನ್ ದೇಶದ ಇನೆಸ್‌ಗೆ ಅವನೇ ಮೇಷ್ಟ್ರು. ಅವಳ ಗಂಡ ಹೋದ ವರ್ಷ ತೀರಿಕೊಂಡಿದ್ದ. ಅದಕ್ಕೆ ಸ್ಪ್ಯಾನಿಷ್ ಪದ ಗೊತ್ತು, ಇಂಗ್ಲಿಷಿನದೂ ಗೊತ್ತು, ನಿಮ್ಮದನ್ನು ಹೇಳಿಕೊಡಿ ಎಂದು ಅವಳು ಕೇಳಿದ್ದಳು. ಹಾಲಪ್ಪನಿಗೆ ನೆನಪಾದ ಪದಗಳಲ್ಲಿ ಅರ್ಧ ಬೈಗುಳ, ಉಳಿದವು ಕಚೇರಿಯ ಅರ್ಜಿಗಷ್ಟೇ ಸರಿ. ಇಂಥದ್ದನ್ನು ಆ ಹೆಣ್ಣುಮಗಳ ಬಾಯಲ್ಲಿ ಹೇಗೆ ಹೇಳಿಸಲಿ ಎಂದು ಅವನಿಗೆ ಸಂಕಟವಾಗಿತ್ತು.

ಗುರುಗಳು ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಕರಿಬಸಪ್ಪನೆಂಬ ಗಾಣಿಗನಿದ್ದ. ಅವನು ಸತ್ತ ಮೇಲೆ ಹೆಂಡತಿ ಊಟ ಬಿಟ್ಟಳು, ಮಾತೂ ಬಿಟ್ಟಳು. ಹೀಗೇ ಆದರೆ ಇವಳೂ ಉಳಿಯುವುದಿಲ್ಲ ಎಂದು ಊರವರು ಹೆದರಿದರು. ಒಳ್ಳೆಯ ಜನವೇ. ಅವಳ ಕರುಳು ಎಲ್ಲಿ ಚುರ್ರೆನ್ನುತ್ತದೋ ಎಂದು ಅವಳೆದುರು ಯಾರೂ ಸತ್ತವನ ಹೆಸರೆತ್ತುತ್ತಿರಲಿಲ್ಲ. ಗಂಡನ ಹೆಸರು ಹೇಳುವ ರೂಢಿ ಅವಳಿಗೂ ಇರಲಿಲ್ಲ. ಹೀಗಾಗಿ ಅವನ ಮನೆಯಲ್ಲೇ ಅವನ ಹೆಸರು ಇಲ್ಲವಾಯಿತು.

ಆಗ ಕರಿಬಸಪ್ಪನ ಹಳೆಯ ಗಿರಾಕಿಯಾದ ದೂರದೇಶದ ವರ್ತಕನೊಬ್ಬ ಎಂದಿನಂತೆ ಎಣ್ಣೆಗೆಂದು ಬಂದ. ನಮ್ಮ ಭಾಷೆ ಅವನಿಗೆ ಅಷ್ಟಕ್ಕಷ್ಟೇ. ಊರವರು ಅವನನ್ನು ಊರಬಾಗಿಲಲ್ಲೇ ನಿಲ್ಲಿಸಿ, ಅಪ್ಪಿತಪ್ಪಿಯೂ ಹೆಸರೆತ್ತಬೇಡ ಎಂದು ಎಚ್ಚರಿಸಿ, ಸಮಾಧಾನದ ಒಂದು ಉದ್ದನೆಯ ಮಾತನ್ನು ಬಾಯಿಪಾಠ ಮಾಡಿಸಿದರು. ಪಾಪ, ದಾರಿಯುದ್ದಕ್ಕೂ ಅದನ್ನೇ ಗೊಣಗಿಕೊಂಡು ಹೋದ. ಅವಳ ಮುಖ ಕಂಡದ್ದೇ ತಡ, ಎಲ್ಲ ಮರೆತುಹೋಯಿತು.

“ಕರಿಬಸಪ್ಪ... ಒಳ್ಳೆ ಮನುಷ್ಯ. ಅಳತೆ ಆದ ಮೇಲೂ ನನಗೆ ಒಂದು ಸೌಟು ಕೊಸರು,” ಎಂದುಬಿಟ್ಟ.

ಅವನ ಹಿಂದೆಯೇ ಬಂದು ಮನೆ ಬಾಗಿಲಲ್ಲಿ ನಿಂತಿದ್ದ ಊರವರು ನಾಲಿಗೆ ಕಚ್ಚಿಕೊಂಡರು.

“ಒಂದಲ್ಲ, ಎರಡು,” ಎಂದಳು ಅವಳು. “ನಾ ಆಚೆ ತಿರುಗಿದ ಕೂಡ್ಲೇ ಇನ್ನೊಂದು ಸುರೀತಿದ್ರು. ನಂಗೆ ಗೊತ್ತಾಗಲ್ಲ ಅಂದ್ಕೊಂಡಿದ್ರು, ಪುಣ್ಯಾತ್ಮರು!”

ಹೇಳುತ್ತ ನಕ್ಕಳು, ನಗುತ್ತಲೇ ಅತ್ತಳು. ಅತ್ತು ಹಗುರಾಗಿ ಒಲೆ ಹಚ್ಚಿದಳು. ವರ್ತಕನಿಗೆ ಬಡಿಸಿ ತಾನೂ ಉಂಡಳು.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಹಾಲಪ್ಪನಿಗೆ ಕತೆಯೇನೋ ಹಿಡಿಸಿತು, ಆದರೆ ನಾಳೆಯ ಪಾಠ ಹಾಗೇ ಉಳಿದಿತ್ತು.

“ಹಾಗಾದರೆ ಇನೆಸ್‌ಗೆ ಯಾವ ಪದ ಹೇಳಿಕೊಡಲಿ?” ಎಂದು ಮತ್ತೆ ಕೇಳಿದ.

“ಪದ ಇರಲಿ ಮಗು, ಅವಳ ಗಂಡನ ಹೆಸರೇನು?” ಎಂದರು ಗುರುಗಳು.

ಅದನ್ನು ಹಾಲಪ್ಪ ಕೇಳಿಯೇ ಇರಲಿಲ್ಲ.